ಪೂಜೆಯ ಸ್ವಿಚ್ಚು

ಆಯುಧಪೂಜೆಯ ದಿನ ಯಂತ್ರಗಳೂ ಒಂದಿಷ್ಟು ಹೊತ್ತು ಸುಮ್ಮನಿರಬೇಕು ಎಂಬುದು ಹೊನ್ನಾಳಿಯ ಬೆನಕಪ್ಪನ ಹಠ. ಸುತ್ತಲ ಅಂಗಡಿಗಳಿಗೆ ಐಸ್‌ಕ್ರೀಮ್ ಹಂಚುವವನು ಅವನು. ಅವನ ಕೋಲ್ಡ್ ರೂಮಿಗೆ ಕಂಟ್ರೋಲ್ ಪ್ಯಾನಲ್ ವಿನ್ಯಾಸ ಮಾಡಿಕೊಟ್ಟ ಚನ್ನಗಿರಿಯ ಆಕಿಬ್, ಆ ಹಠಕ್ಕೆ ಮಣಿದು ಪೂಜೆಗೆಂದೇ ಒಂದು ಸ್ವಿಚ್ಚು ಇಟ್ಟಿದ್ದ. ಒತ್ತಿದರೆ ಕಂಪ್ರೆಸರ್ ನಿಲ್ಲುತ್ತದೆ, ಅಲಾರಂ ಬಾಯಿ ಮುಚ್ಚುತ್ತದೆ. ಒಂದು ತಾಸು ಕಳೆದ ಮೇಲೆ ಎಲ್ಲ ತಾನಾಗಿ ಶುರುವಾಗುತ್ತದೆ. ಈ ಜಾಣತನಕ್ಕೆ ಬೆನಕಪ್ಪ ಹೋಳಿಗೆ ಊಟ ಹಾಕಿಸಿದ್ದ. ಆಕಿಬನೂ ಉಬ್ಬಿಹೋಗಿದ್ದ.

ಮೊದಲ ಹಬ್ಬ ಬಂತು. ಹಬ್ಬವೆಲ್ಲ ಮುಗಿಸಿ ಬಾಗಿಲು ತೆಗೆದರೆ ಐಸ್‌ಕ್ರೀಮೆಲ್ಲ ಕರಗಿ ಪಾಯಸವಾಗಿತ್ತು.

ಫೋನ್ ಬಂದ ಕೂಡಲೇ ಆಕಿಬ್ ಬೈಕ್ ಹತ್ತಿ ಬಂದ. ಬಂದವನು ನೋಡುವ ಮೊದಲೇ ಎದೆ ತಟ್ಟಿದ. “ಪ್ಯಾನಲ್‌ನಾಗೆ ತಪ್ಪು ಇರಾಕೆ ಸಾಧ್ಯನೇ ಇಲ್ಲ, ಯಜಮಾನ್ರೆ.”

“ನಂಗೊತ್ತು ತಮ್ಮಾ. ತಪ್ಪು ನಮ್ಮ ಮನ್ಯಾಗೈತೆ,” ಎಂದು ಬೆನಕಪ್ಪ ಹೆಂಡತಿ ದುರುಗಮ್ಮನನ್ನು ಗುರಾಯಿಸಿದ. “ಜಗಳೂರಾಗೆ ಇವಳ ಚಿಕ್ಕಪ್ಪ ತೀರ್ಕೊಂಡ ಸೂತಕ ಇನ್ನೂ ಕಳ್ದಿರ್ಲಿಲ್ಲ. ಬ್ಯಾಡ ಅಂದ್ರೂ ಕುಂಕುಮ ಹಚ್ಚಿ, ಸ್ವಿಚ್ಚೂ ಇವಳೇ ಒತ್ತಿದ್ಲು.”

ಅತ್ತು ಅತ್ತು ದುರುಗಮ್ಮನ ಕಣ್ಣು ಊದಿಕೊಂಡಿದ್ದವು.

ಆಕಿಬ್ ಪ್ಯಾನಲ್ ತೆರೆದು ಲ್ಯಾಪ್‌ಟಾಪ್ ಜೋಡಿಸಿದ. ಪೂಜೆಯ ನಡುವೆ ಕರೆಂಟ್ ಹೋಗಿ ಬಂದಿತ್ತು. ಪೂಜೆ ನಡೆಯುತ್ತಿದೆ ಎಂಬುದು ಪ್ಯಾನಲ್‌ಗೆ ನೆನಪಿತ್ತು, ಶುರುವಾಗಿ ಎಷ್ಟು ಹೊತ್ತಾಯಿತು ಎಂಬುದು ಮರೆತುಹೋಗಿತ್ತು. ಹಾಗಾಗಿ ಅದರ ಲೆಕ್ಕದಲ್ಲಿ ತಾಸು ತುಂಬಲೇ ಇಲ್ಲ, ಯಂತ್ರ ಮತ್ತೆ ಶುರುವಾಗಲೂ ಇಲ್ಲ. ಮೇಜಿನ ಮೇಲೆ ಎಷ್ಟೋ ಸಲ ಪರೀಕ್ಷೆ ಮಾಡಿದವನು, ನಡುವೆ ಕರೆಂಟ್ ತೆಗೆದು ಒಮ್ಮೆಯೂ ನೋಡಿರಲಿಲ್ಲ. ಅಲ್ಲ, ಗಳಿಗೆಗೊಮ್ಮೆ ಕರೆಂಟ್ ಹೋಗುವ ಸೀಮೆಯಲ್ಲೇ ಹುಟ್ಟಿ ಬೆಳೆದ ಮಹಾರಾಯನಿಗೆ ಇಷ್ಟೂ ಹೊಳೆಯಬಾರದೆ!

ಹೇಳಿಬಿಡಬೇಕು ಎಂದುಕೊಂಡ ಆಕಿಬನಿಗೆ ಧೈರ್ಯ ಸಾಲಲಿಲ್ಲ. ಯಾರಿಗೂ ತಿಳಿಯದಂತೆ ತಪ್ಪನ್ನು ತಿದ್ದಿದ. ಕಂಪ್ರೆಸರ್ ಗುಂಯ್ ಎಂದಿತು. ಅತ್ತ ಬೆನಕಪ್ಪನ ಬೈಗುಳ ನಡೆದೇ ಇತ್ತು. ಒಂದೊಂದು ಮಾತೂ ತನಗೆ ಸಲ್ಲಬೇಕಾದದ್ದೆಂದು ಗೊತ್ತಿದ್ದೂ ಆಕಿಬ್ ತಲೆ ಎತ್ತಲಿಲ್ಲ.

ದುರುಗಮ್ಮ ಚಹಾ ತಂದಳು. ಯಾವಾಗಲೂ ಕೈಗೇ ಕೊಡುತ್ತಿದ್ದವಳು ಇಂದು ಲೋಟವನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದಳು. ಹಾಗೆ ದೂರ ಇಟ್ಟ ಲೋಟಗಳನ್ನು ಆಕಿಬ್ ಬೇರೆ ಕಡೆ ಕಂಡಿದ್ದ. ಈ ಮನೆಯಲ್ಲೂ ಹೀಗೆಯೇ ಎಂದು ಕೋಪ ಬಂತು.

“ನನ್ನ ಕೈ ಸರಿಯಿಲ್ಲಪ್ಪ,” ಎಂದಳು ದುರುಗಮ್ಮ. “ನೀನು ಮಿಷಿನ್ ಮುಟ್ಟೋನು. ನಿಂಗೂ ತಟ್ಟೋದು ಬ್ಯಾಡ.”

ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು ಆಕಿಬನಿಗೆ. “ಅಮ್ಮಾ, ತಪ್ಪು ನಿಮ್ದಲ್ಲ, ನಂದು! ಕರೆಂಟ್ ಹೋದ್ರೆ ಏನಾಗ್ತೈತೆ ಅಂತ ನಾನು ನೋಡಿರ್ಲಿಲ್ಲ. ಯಜಮಾನ್ರೆ, ಕೇಳ್ರಿ, ನನ್ನ ಕೆಲ್ಸನೇ ಕೆಟ್ಟಿತ್ತು.”

ಬೆನಕಪ್ಪ ಅವನ ಮುಖವನ್ನೇ ನೋಡಿದ. ಕಣ್ಣು ತುಂಬಿ ಬಂದವು. “ನೋಡಿದ್ಯೇನೆ? ನಿನ್ನ ಮಾನ ಉಳಿಸಾಕೆ ತನ್ನ ಮ್ಯಾಲೆ ಹಾಕ್ಕೊಂತಾನೆ. ಎಂಥ ದೊಡ್ಡ ಮನ್ಸು!”

ಆಕಿಬ್ ಆಣೆ ಮಾಡಿ ಹೇಳಿದ. ತೋರಿಸೋಣವೆಂದರೆ ಕೆಟ್ಟದ್ದನ್ನು ತಾನೇ ಅಳಿಸಿ ಕೂತಿದ್ದ. ದುರುಗಮ್ಮ ಕಣ್ಣೊರೆಸಿಕೊಂಡು, ದೂರದಲ್ಲೇ ನಿಂತು, ಅವನಿಗೆ ಕೈ ಮುಗಿದಳು.