ಕಾಗೆ ಬಾರದ ಅಂಗಳ

ಸೌದಾಮಿನಿಗೆ ಹಕ್ಕಿಗಳ ಹುಚ್ಚು ಮೊದಲಿಂದ ಇತ್ತೆಂದೇನಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ ಮರುವರ್ಷವೇ ಗಂಡ ತಿರುಮಲೇಶ್ವರನಿಗೆ ತಿರುವನಂತಪುರದ ಸರಕಾರಿ ಕಚೇರಿಗೆ ವರ್ಗವಾಯಿತು. ಶ್ರೀಕಾರ್ಯಂನಲ್ಲಿ ಬಾಡಿಗೆ ಮನೆ ಹಿಡಿದರು. ಜೊತೆಗೆ ಬಂದ ಅತ್ತೆ ಆರು ತಿಂಗಳೊಳಗೆ ಜಾರಿ ಬಿದ್ದು, ಸೊಂಟ ಮುರಿದುಕೊಂಡು, ಕಿಟಕಿ ಪಕ್ಕದ ಮಂಚ ಹಿಡಿದರು. ಈ ಕಡೆಯವರ ಮಲಯಾಳ ಅವರ ಕಿವಿಗೆ ಹಿಡಿಯದು. ಹೊರಗೆ ನೋಡೋಣವೆಂದರೆ ಬರೀ ಕೆಂಪು ಮಣ್ಣು. ಊರಿಗೆ ಯಾವಾಗ ಹೋಗುವುದು ಎಂದು ಮಗನನ್ನು ದಿನಾ ಕೇಳುವರು. ರಜೆ ಸಿಗಲಿ ಅಮ್ಮ ಎಂದು ಅವನೂ ದಿನಾ ಹೇಳುವನು. ಕೇಳಿ ಕೇಳಿ ಸೌದಾಮಿನಿಗೇ ಸಾಕಾಗಿಹೋಗಿತ್ತು.

ಊರನ್ನಂತೂ ತರಲಾಗದು, ನಾಲ್ಕು ಹಕ್ಕಿಗಳನ್ನಾದರೂ ಕರೆಯೋಣ ಎಂದು ಅವಳು ಹೊರಟಳು. ಕಿಟಕಿಯೆದುರು ಕೇಪಳ, ದಾಸವಾಳ ನೆಟ್ಟಳು. ಅಗಲ ಬಾಯಿಯ ಮಣ್ಣಿನ ಚಟ್ಟಿಗೆ ದಿನಾ ಹೊಸ ನೀರು ತುಂಬಿದಳು. ಸೀಳಿದ ಪಪ್ಪಾಯಿಯನ್ನು ಪೇರಳೆ ಗಿಡದ ಕವಲಿಗೆ ಸಿಕ್ಕಿಸಿದಳು. ಬಂದದ್ದು ಯಾರು? ಕಾಗೆಗಳು! ಹಣ್ಣು ಕಿತ್ತು ತಿಂದು, ಎಲ್ಲಿಂದಲೋ ಮೀನಿನ ಮುಳ್ಳು ತಂದು ನೀರಿಗೆ ಹಾಕಿ, ಸಣ್ಣ ಹಕ್ಕಿ ಸುಳಿದರೆ ಅಟ್ಟಿ, ಅಂಗಳ ತಮ್ಮಪ್ಪನದೆಂಬ ಹಾಗೆ ಕೂತವು.

ತಿರುಮಲೇಶ್ವರ ಹೈಕೋರ್ಟಿನ ಕಡತ ಹೊತ್ತು, ತಂಪಾನೂರಿನಲ್ಲಿ ಬಸ್ಸು ಹತ್ತಿ, ಹತ್ತು ದಿನಕ್ಕೆ ಕೊಚ್ಚಿಗೆ ಹೋದ. ಆಗ ಅವಳು ನೆರೆಮನೆಯ ಭಾರ್ಗವಿಯಮ್ಮ ಹೇಳಿಕೊಟ್ಟ ಮದ್ದು ಮಾಡಿದಳು. ರಸ್ತೆ ಬದಿ ಸತ್ತು ಬಿದ್ದಿದ್ದ ಕಾಗೆಯೊಂದನ್ನು ಹಗ್ಗದಲ್ಲಿ ಬಿಗಿದು ಅಂಗಳದ ಹಲಸಿನ ಕೊಂಬೆಗೆ ತಲೆಕೆಳಗಾಗಿ ತೂಗಿಬಿಟ್ಟಳು. ಸುತ್ತಲಿನ ಕಾಗೆಗಳೆಲ್ಲ ಸೇರಿ ಅರ್ಧ ದಿನ ಬೊಬ್ಬೆ ಹೊಡೆದವು; ಮರುದಿನದಿಂದ ಒಂದೂ ಇತ್ತ ತಲೆ ಹಾಕಲಿಲ್ಲ. ಗಂಡ ಆಚಾರದ ಮನುಷ್ಯ, ಗೊತ್ತಾದರೆ ಮನೆಯೆಲ್ಲ ಶುದ್ಧ ಮಾಡಿಸಿಯಾನು. ಅವನು ಬರುವ ಮುನ್ನ ಅದನ್ನು ಬಿಚ್ಚಿ ಹೂತು, ಹಗ್ಗದ ತುದಿಯಲ್ಲಿ ಒಂದು ರೆಕ್ಕೆಯನ್ನಷ್ಟೇ ಎಲೆಗಳ ಮರೆಗೆ ಉಳಿಸಿದಳು.

ಆಮೇಲೆ ಬಂದವು ನೋಡಿ: ಮಡಿವಾಳ ಹಕ್ಕಿ, ಕೇಪಳದ ಹೂವಿಗೆ ಹೆಬ್ಬೆರಳಿನಷ್ಟು ಪುಟ್ಟ ಸೂರಕ್ಕಿ, ಮತ್ತೆ ಒಂದು ಜೋಡಿ ಪಿಕಳಾರ. ಪಿಕಳಾರಗಳು ದಿನಾ ಹನ್ನೊಂದು ಗಂಟೆಗೆ ಚಟ್ಟಿಯಲ್ಲಿ ಮೀಯುತ್ತಿದ್ದವು. ಅತ್ತೆ ಗಂಜಿಯನ್ನೂ ಆ ಹೊತ್ತಿಗೇ ಕುಡಿಯುವರು, ನೋಡಿ ಒಬ್ಬರೇ ನಗುವರು. ಊರಿನ ಮಾತು ನಿಂತೇಹೋಯಿತು. ಭಾನುವಾರವೂ ಕಡತದಲ್ಲಿ ತಲೆ ಹುದುಗಿಸುವ ಮಗನಿಗೆ ಇದೊಂದೂ ತಿಳಿಯದು. ಅಮ್ಮ ಕೇಳುವುದನ್ನು ಬಿಟ್ಟದ್ದು ಮುನಿಸಿನಿಂದ ಎಂದೇ ಅವನು ತಿಳಿದಿದ್ದ.

ಆಟಿ ತಿಂಗಳ ಮಳೆಯಲ್ಲಿ ಅತ್ತೆ ತೀರಿಕೊಂಡರು. ಹತ್ತನೆಯ ದಿನ, ಸತ್ತ ಮನೆಯ ಅಂಗಳದಲ್ಲೇ ಇಟ್ಟ ಪಿಂಡವನ್ನು ಕಾಗೆ ಮುಟ್ಟಬೇಕು. ಅದು ಅವರ ಮನೆತನದ ಕಟ್ಟು. ಮುಟ್ಟದಿದ್ದರೆ ಹೋದವರಿಗೆ ಏನೋ ಕೊರಗು ಉಳಿದಿದೆ ಎಂದರ್ಥ. ಸೌದಾಮಿನಿಗೆ ಮರದಲ್ಲಿದ್ದ ರೆಕ್ಕೆಯ ನೆನಪಾಯಿತು. ಅವತ್ತು ಬೆಳಗಾಗುತ್ತಲೇ ದೋಟಿಯಿಂದ ಹಗ್ಗ, ರೆಕ್ಕೆ ಎರಡನ್ನೂ ಎಳೆದು ಹಿತ್ತಲಲ್ಲಿ ಹರಿಯುವ ತೋಡಿಗೆ ಎಸೆದಳು. ಆದರೆ ಅದನ್ನು ಕಾಗೆಗಳಿಗೆ ಹೇಳುವವರು ಯಾರು?

ತಿರುಮಲೇಶ್ವರ ಬಾಳೆಲೆಯ ಮೇಲೆ ಪಿಂಡವಿಟ್ಟು ಒದ್ದೆ ಕೈಯಲ್ಲಿ ಚಪ್ಪಾಳೆ ತಟ್ಟಿದ. ದೂರದ ತೆಂಗಿನಲ್ಲಿದ್ದ ಎರಡು ಕಾಗೆಗಳು ಹಲಸಿನ ಮರದ ತನಕ ಬಂದು, ಕೂಗಿ, ತಿರುಗಿ ಹೋದವು. ಅಸ್ಥಿಯನ್ನು ಊರಿಗೇ ಒಯ್ಯುತ್ತೇನೆ ಎಂದು ಅವನು ಮಾತು ಕೊಟ್ಟ. ಬರಲಿಲ್ಲ. ಊರಿಗೆ ಕರೆದುಕೊಂಡು ಹೋಗದಿದ್ದದ್ದು ನನ್ನದೇ ತಪ್ಪು, ಒಂದು ಸಲ ಮುಟ್ಟಮ್ಮ ಎಂದು ಮಗುವಿನ ಹಾಗೆ ಅತ್ತ. ಆಗಲೂ ಬರಲಿಲ್ಲ.

ಹನ್ನೊಂದಕ್ಕೆ ಪಿಕಳಾರಗಳು ಬಂದವು. ಚಟ್ಟಿಯ ಅಂಚಿನಲ್ಲಿ ಕೂತವು. ಒಂದು ಕುಪ್ಪಳಿಸಿ ಬಾಳೆಲೆಗೆ ಇಳಿದು ಅನ್ನಕ್ಕೆ ಕೊಕ್ಕು ಹಾಕಿತು. ಅತ್ತೆ ದಾರಿ ಕಾಯುತ್ತಿದ್ದುದು ಇದಕ್ಕೇ ಅಲ್ಲವೇ! ಸೌದಾಮಿನಿ ಒಂದು ಹೆಜ್ಜೆ ಮುಂದೆ ಬಂದಳು. ಅಷ್ಟರಲ್ಲಿ ತಿರುಮಲೇಶ್ವರ ಹೆಗಲ ಬೈರಾಸು ಬೀಸಿ, ಹುಶ್ ಹುಶ್ ಎಂದು ಅದನ್ನು ಓಡಿಸಿದ.

ಇನ್ನು ಅವಳಿಂದ ತಡೆಯಲಾಗಲಿಲ್ಲ. "ನಿಮ್ಮ ತಪ್ಪಲ್ಲ. ಕಾಗೆಗಳನ್ನು ಓಡಿಸಿದ್ದು ನಾನು. ನೀವು ಕೊಚ್ಚಿಗೆ ಹೋದಾಗ ಸತ್ತ ಕಾಗೆಯನ್ನು ಈ ಮರಕ್ಕೆ ಕಟ್ಟಿದ್ದೆ. ಅತ್ತೆಗೆ ನಿಮ್ಮ ಮೇಲೆ ಮುನಿಸಿರಲಿಲ್ಲ. ಈ ಹಕ್ಕಿಗಳನ್ನು ನೋಡಿಕೊಂಡು ಖುಷಿಯಲ್ಲೇ ಇದ್ದರು."

ಅವನು ಮರದತ್ತ ನೋಡಿದ. ಅಲ್ಲಿ ಏನಿದೆ, ಮಣ್ಣು! ಬೇಕಾದರೆ ಭಾರ್ಗವಿಯಮ್ಮನನ್ನು ಕೇಳಿ ಎಂದಳು. ಹೆಂಗಸರೆಲ್ಲ ಒಟ್ಟಾಗಿ ತನ್ನನ್ನು ಸಂತೈಸಲು ಹೊರಟಿದ್ದಾರೆ ಎಂದು ಅವನಿಗೆ ಕಂಡಿತು.

"ನನ್ನ ಸಮಾಧಾನಕ್ಕೆ ಎಂತೆಂತದೋ ಹೇಳಬೇಡ. ಅಮ್ಮನಿಗೆ ಕೋಪ ಇತ್ತು. ನನಗೆ ಗೊತ್ತುಂಟು."

ಪಿಂಡವನ್ನು ಅದೇ ತೋಡಿಗೆ ಬಿಟ್ಟು ಬಂದ. ಮರುದಿನದಿಂದ ಸೌದಾಮಿನಿ ಚಟ್ಟಿಯನ್ನು ಕವುಚಿ ಹಾಕಿ, ಎಲೆಯ ಮೇಲೆ ಹಿಡಿ ಅನ್ನವಿಟ್ಟು, ಕಾ ಕಾ ಎಂದು ಕರೆಯುತ್ತ ನಿಲ್ಲತೊಡಗಿದಳು. ಒಂದಾದರೂ ಕಾಗೆ ಅವನ ಕಣ್ಣೆದುರು ಬಂದು ಮುಟ್ಟಲಿ ಎಂದು. ಹನ್ನೊಂದಕ್ಕೆ ಪಿಕಳಾರಗಳು ಬರುತ್ತಿದ್ದವು. ಅವಳೇ ಕೈಬೀಸಿ ಓಡಿಸುತ್ತಿದ್ದಳು.