ಕಾಂಡ್ಲಾ ಕೋಡು ಹೊತ್ತ ದೋಣಿ

ನಾನೊಂದು ಸಣ್ಣ ದೋಣಿ. ಕುಮಟೆ ಕಡೆಯ ಒಂದು ಅಳಿವೆಯ ದಡದಲ್ಲಿ ಮಾವಿನ ಮರದಿಂದ ಹುಟ್ಟಿದೆ. ಮೊದಲ ಒಡೆಯ ನನ್ನಲ್ಲಿ ಮರಳು ಸಾಗಿಸಿದ, ಎರಡನೆಯವನು ಕಾಂಡ್ಲಾ ಮರ ಕಡಿದು ಸೌದೆ ಹೇರಿದ. ಸುಳ್ಳೇಕೆ, ಆ ಪಾಪದಲ್ಲಿ ನನಗೂ ಪಾಲಿದೆ. ಉಪ್ಪುನೀರಿನ ಕೆಸರಲ್ಲಿ ಬೇರೂರಿ ದಡ ಹಿಡಿಯುವ ಮರವದು. ಅದು ಹೋದದ್ದೇ ತಡ ದಡ ಜರಿಯಿತು, ಮೀನು ಕಡಿಮೆಯಾಯಿತು, ಊರಿನ ಭತ್ತದ ಗದ್ದೆ ಕಾಯುವ ಒಡ್ಡಿನ ಬುಡಕ್ಕೇ ನೀರು ಬಂತು.

ಆಮೇಲೆ ನಾನು ಬೀರಮ್ಮನ ಕೈಗೆ ಬಂದೆ. ಚಿಪ್ಪಿ ಆರಿಸಿ ಬದುಕುವ ಹೆಂಗಸು, ಮಾತು ಖಡಕ್ಕು. ಆ ವರ್ಷ ಅರಣ್ಯ ಇಲಾಖೆ, ಒಂದು ಸಿಮೆಂಟು ಕಂಪನಿ, ಊರಿನವರು ಸೇರಿ ಕಾಂಡ್ಲಾ ನೆಡುವುದೆಂದಾಯಿತು. ಬೀಜದ ಕೋಡುಗಳನ್ನು ನಾನೇ ಹೊತ್ತೆ; ನೋಡಲು ಥೇಟ್ ನುಗ್ಗೆಕಾಯಿ. ಕಂಪನಿಯವರು ಟೋಪಿ ಹಾಕಿಕೊಂಡು ಬಂದು, ಚೂಪು ತುದಿಯೇ ಚಿಗುರೆಂದು ತಿಳಿದು ಅದನ್ನು ಮೇಲೆ ಮಾಡಿ ನೆಟ್ಟರು. ರೇಂಜರು ಗುರುಪಾದಪ್ಪ ಬಯಲುಸೀಮೆಯವರು, ಅವರಿಗೂ ತಿಳಿಯಲಿಲ್ಲ. ಚಿಪ್ಪಿ ಆರಿಸುವ ಊರ ಹೆಂಗಸರಿಗೆ ಗೊತ್ತಿತ್ತು, ಆದರೆ ಸಾಹೇಬರಿಗೆ ಹೇಳುವುದು ಹೇಗೆಂದು ಬಾಯಿ ಬಿಡಲಿಲ್ಲ. ಎಲ್ಲವೂ ಕೊಳೆತವು. ಇನ್ನೊಂದು ಸಲ ಹೀಗಾದರೆ ಯೋಜನೆ ಬೇರೆ ಊರಿಗೆ ಹೋಗುತ್ತದೆ ಎಂದರು ರೇಂಜರು.

ಎರಡನೇ ಸಲ ಬೀರಮ್ಮ ಸುಮ್ಮನಿರಲಿಲ್ಲ.

"ಸಾಯ್ಬ್ರೆ, ಹೋದ್ವರ್ಷ ನೀವು ತಲೆ ಹುಗ್ದು ಕಾಲು ಮೇಲ್ ಮಾಡಿದ್ರಿ. ಅದು ಬದ್ಕೂದು ಹೆಂಗೆ?"

ರೇಂಜರ ಮುಖ ಕೆಂಪಾಯಿತು, ಆಮೇಲೆ ನಕ್ಕುಬಿಟ್ಟರು. ಎಲ್ಲಿ, ಯಾವಾಗ ನೆಡಬೇಕೆಂಬುದನ್ನು ಹೆಂಗಸರಿಗೇ ಬಿಟ್ಟರು. ಅವರು ನೀರಿನ ಇಳಿತ ನೋಡಿ ಸೊಂಟ ಬಗ್ಗಿಸಿ, ಚೂಪು ತುದಿ ಕೆಳಗೆ ಮಾಡಿ ನೆಟ್ಟರು. ಕಂಪನಿ ಸಸಿತೋಟ ನೋಡಿಕೊಂಡಿತು, ಇಲಾಖೆ ಕಾವಲು ಕಾಯಿತು. ಮೊದಲ ಚಿಗುರು ಕಂಡಾಗ ನನಗಂತೂ ಮೈ ಜುಮ್ಮೆಂದಿತು.

ಆದರೆ ಒಡ್ಡಿನೆದುರು ಒಂದು ಕಡೆ ಹರಿವು ಜೋರು, ನೆಟ್ಟದ್ದೆಲ್ಲ ಕೊಚ್ಚಿಹೋಗುತ್ತಿತ್ತು. ಅಲ್ಲಿ ಒಡ್ಡು ಒಡೆದರೆ ಊರಿನ ಗದ್ದೆಯೆಲ್ಲ ಉಪ್ಪಾಗುತ್ತದೆ. ನಾನೋ ಅಷ್ಟರಲ್ಲಿ ಮುದಿಯಾಗಿದ್ದೆ, ತಳ ಸೀಳಿತ್ತು. ಒಡೆದು ಒಲೆಗೆ ಹಾಕು ಎಂದರು ನೆರೆಯವರು. ಬೀರಮ್ಮ ನನ್ನ ಮೈ ತಡವಿದಳು.

"ಇದು ಒಲೆಗಲ್ಲ. ಹರಿವಿಗೆ ಅಡ್ಡ ಮಲಗ್ಸಿ," ಎಂದಳು.

ರೇಂಜರು, ಟೋಪಿಯವರು, ಹೆಂಗಸರು ಎಲ್ಲ ಸೇರಿ ನನ್ನನ್ನು ಎಳೆದು ಅಡ್ಡ ಮಲಗಿಸಿ, ಹೊಟ್ಟೆ ತುಂಬ ಕೆಸರು ತುಂಬಿ, ಅದರಲ್ಲೇ ಕೋಡು ನೆಟ್ಟರು.

ಆ ಮಳೆಗಾಲ ಒಡ್ಡು ಒಡೆಯಲಿಲ್ಲ. ಈಗ ನನ್ನ ಸೀಳಿನಿಂದ ಬೇರುಗಳು ಕೆಳಗಿಳಿದಿವೆ, ಏಡಿಗಳು ಸಂಸಾರ ಹೂಡಿವೆ. ಉಬ್ಬರ ಬಂದಾಗ ಒಮ್ಮೊಮ್ಮೆ ತೇಲುವ ಆಸೆಯಾಗುತ್ತದೆ, ಇಲ್ಲವೆನ್ನಲಾರೆ. ಆದರೆ ಏಳೋಣವೆಂದರೆ ಹೊಟ್ಟೆಯೊಳಗಿನ ಮರ ಬಿಡಬೇಕಲ್ಲ!