ಅಲ್ಲೊಂತನಾತೆವಿ

ಮೈಸೂರು ಅರಸರ ಕಾಲ. ಹೊಸದುರ್ಗದ ಆಚೆಯ ಗುಡ್ಡದಲ್ಲಿ ಚಿನ್ನ ಹುಡುಕುವ ಕಂಪನಿಯೊಂದು ಬಂಡೆ ಒಡೆಸುತ್ತಿತ್ತು. ಅಲ್ಲಿ ಕಲ್ಲು ಹೊರುತ್ತಿದ್ದ ರಂಗಕ್ಕ ಧರ್ಮಪುರದ ಹೊಲಗಳಲ್ಲಿ ಹಕ್ಕಿ ಓಡಿಸಿ ಬೆಳೆದವಳು, ದೊಡ್ಡ ಗಂಟಲಿನವಳು. ಅದಕ್ಕೇ ಮೇಸ್ತ್ರಿ ಜುಂಜಪ್ಪ ಸಿಡಿಮದ್ದಿನ ಬತ್ತಿಗೆ ಬೆಂಕಿ ಇಡುವ ಮುಂಚೆ ಅವಳಿಂದಲೇ ಕೂಗಿಸುತ್ತಿದ್ದ: "ದೂರ ಹೋಗ್ರೀ!"

ಕೋಲಾರದ ಗಣಿಯಿಂದ ಇಟಲಿಯ ಮೂವರು ಅಣ್ಣತಮ್ಮಂದಿರು ಬಂದ ಮೇಲೆ ತೊಂದರೆ ಶುರುವಾಯಿತು. ಅಣ್ಣ ಪಿಯೆತ್ರೊಗೆ ಒಂದಿಷ್ಟು ಕನ್ನಡ ಬರುತ್ತಿತ್ತು. ಇಬ್ಬರು ತಮ್ಮಂದಿರಿಗೆ ಒಂದಕ್ಷರವೂ ತಿಳಿಯದು. ಒಮ್ಮೆ ಕಿರಿಯವನ ಕಿವಿಯ ಪಕ್ಕದಲ್ಲೇ ಕಲ್ಲಿನ ಚೂರು ಹಾರಿಹೋಯಿತು. ಅಂದೇ ಪಿಯೆತ್ರೊ ರಂಗಕ್ಕನ ಬಳಿ ಬಂದ. "ಅಕ್ಕ, ನಮ್ಮ ಮಾತು ಕಲಿ. ದೂರ ಹೋಗಿ ಅನ್ನೋದಕ್ಕೆ, ಅಲ್ಲೊಂತನಾತೆವಿ."

ರಂಗಕ್ಕ ಕೂಗಿದಳು: "ಅಲ್ಲೊಂತನತೆವೀ!" ತಮ್ಮಂದಿರು ಮುಖ ಮುಖ ನೋಡಿಕೊಂಡರು.

"ಕೊನೆ ಎಳೀಬೇಡ," ಎಂದು ಪಿಯೆತ್ರೊ ಆರು ಕಲ್ಲುಗಳನ್ನು ಸಾಲಾಗಿಟ್ಟು ಒಂದೊಂದನ್ನೇ ಮುಟ್ಟಿದ. "ಅಲ್. ಲೊನ್. ತ. ನಾ. ತೆ. ವಿ." ನಾಲ್ಕನೆಯದರ ಮೇಲೆ ಮುಷ್ಟಿಯಿಂದ ಗುದ್ದಿದ. "ಭಾರ ಎಲ್ಲ ಇಲ್ಲಿ."

"ಅಯ್ಯ ಸ್ವಾಮಿ, ಒನಕೆ ಬಿದ್ದಂಗೈತಲ್ಲ!"

ಮೂರು ತುಣುಕಿಗೆ ಒನಕೆ ಮೇಲೇಳುತ್ತದೆ, ನಾಲ್ಕನೆಯದಕ್ಕೆ ದೊಪ್ಪನೆ ಬೀಳುತ್ತದೆ, ಉಳಿದೆರಡು ಹಗುರ. ಕಲ್ಲು ಹೊರುವಾಗಲೂ ರಾಗಿ ಬೀಸುವಾಗಲೂ ಅವಳಿಗೆ ಅದೇ ಜಪ. ಜೊತೆಯ ಮಲ್ಲಕ್ಕ, "ಯಾವ ದೇವ್ರು ಮೈಮ್ಯಾಲೆ ಬಂತೇ?" ಎಂದು ನಕ್ಕಳು.

ಒಂದು ಮಧ್ಯಾಹ್ನ ಪಿಯೆತ್ರೊ ಹಿರಿಯೂರಿಗೆ ಹೋಗಿದ್ದ. ತಮ್ಮಂದಿರು ಗುಂಡಿಯೊಳಗೆ ತೂತು ಕೊರೆಯುತ್ತಿದ್ದರು. ಬೆಳಗಿನ ಮದ್ದಿಗೆ ಸಡಿಲವಾಗಿದ್ದ ಬಂಡೆಯೊಂದು ಅವರ ನೆತ್ತಿಯ ಮೇಲೆ ಅಲುಗಿತು. "ಓಡ್ರೀ!" ಎಂದು ಜುಂಜಪ್ಪ ಕಿರುಚಿದ. ಅವರು ತಲೆಯೆತ್ತಿ, ಕೈಬೀಸಿ ನಕ್ಕರು.

ರಂಗಕ್ಕ ಬುಟ್ಟಿ ಎಸೆದಳು. ಕಾಲೂರಿ ನಿಂತು ಎದೆ ತುಂಬ ಉಸಿರೆಳೆದಳು.

"ಅಲ್ಲೊಂತ-ನಾ-ತೆವಿ!"

ಗುಡ್ಡಕ್ಕೆ ಗುಡ್ಡವೇ ಮಾರ್ದನಿಸಿತು. ಇಬ್ಬರೂ ಕೈಲಿದ್ದದ್ದನ್ನು ಬಿಟ್ಟು ಜಿಗಿದರು. ಬಂಡೆ ಉರುಳಿ ಬಂದು ಅವರು ನಿಂತಿದ್ದ ಜಾಗದಲ್ಲೇ ಕೂತಿತು.

ಧೂಳು ಮೆತ್ತಿಕೊಂಡು ಹೊರಬಂದ ಕಿರಿಯವನು ರಂಗಕ್ಕನ ಎರಡೂ ಕೈ ಹಿಡಿದು ಅತ್ತ. "ಅಳಬ್ಯಾಡಪ್ಪ, ಬದುಕ್ದ್ಯಲ್ಲ," ಎಂದಳು. ಕೂಲಿಯವರೆಲ್ಲ ಕೇಕೆ ಹಾಕಿದರು. ಜುಂಜಪ್ಪ ತಲೆಯ ಕೆಂಪು ವಸ್ತ್ರ ಬಿಚ್ಚಿ ಅವಳ ಕೈಗಿಟ್ಟ.

"ನಾಳೆಯಿಂದ ಕಲ್ಲು ಹೊರಬ್ಯಾಡ ಕಣಕ್ಕ. ಅಗೋ, ಆ ಎತ್ತರದಾಗೆ ನಿಂತ್ಕ. ನೀನು ಇದನ್ನ ಬೀಸೋತಂಕ ಯಾವನೂ ಬತ್ತಿ ಹಚ್ಚಂಗಿಲ್ಲ."

ನಾಳೆಯ ತನಕ ಕಾಯುವಷ್ಟು ತಾಳ್ಮೆ ರಂಗಕ್ಕನಿಗೆಲ್ಲಿ? ವಸ್ತ್ರವನ್ನು ಸೊಂಟಕ್ಕೆ ಬಿಗಿದು, ಎಲ್ಲರೂ ನೋಡುತ್ತಿದ್ದಂತೆ ಆಗಲೇ ಮೇಲೆ ಹತ್ತಿದಳು.